ಇಳಿಜಾರಿನ ನಾಡಿನಲ್ಲಿ ಮೊಣಗಂಟು

ಕಾಸರಗೋಡಿನ ಸೀಮೆಯನ್ನು ಭೂಪಟದಲ್ಲಿ ನೋಡಿದವರಿಗೆ ಅದು ಕಡಲಿಗೂ ಘಟ್ಟಕ್ಕೂ ನಡುವೆ ಹಾಸಿದ ಒಂದು ಹಸುರು ಪಟ್ಟಿಯಂತೆ ತೋರುತ್ತದೆ. ಕಾಲಿನಿಂದ ನಡೆದು ನೋಡಿದವರಿಗೆ ಅದು ಮೆಟ್ಟಿಲುಗಳ ನಾಡು. ಚಂದ್ರಗಿರಿ ಹೊಳೆಯ ಬಡಗಣ ದಡದಿಂದ ಮಂಜೇಶ್ವರದವರೆಗೆ ಎತ್ತ ಹೋದರೂ ಮೇಲೆ ಮುರಕಲ್ಲಿನ ಬೋಳುಗುಡ್ಡೆ, ಕೆಳಗೆ ಅಡಿಕೆಯ ತೋಟ, ಅವೆರಡರ ನಡುವೆ ಇಳಿಜಾರನ್ನು ಕಡಿದು ಸಮಮಾಡಿದ ಅಂಗಳದಲ್ಲಿ ಮನೆ. ಮನೆಯಿಂದ ಮಾರ್ಗಕ್ಕೆ ಹೋಗಬೇಕಾದರೆ ಹತ್ತಬೇಕು. ತೋಟಕ್ಕೆ ಹೋಗಬೇಕಾದರೆ ಇಳಿಯಬೇಕು. ನೀರಿಗಾಗಿ ನಮ್ಮ ಹಿರಿಯರು ಗುಡ್ಡೆಯ ಹೊಟ್ಟೆಯನ್ನೇ ಅಡ್ಡಲಾಗಿ ಕೊರೆದರು. ಒಬ್ಬನೇ ನುಗ್ಗಬಹುದಾದಷ್ಟು ಇಕ್ಕಟ್ಟಾದ ಆ ಸುರಂಗಗಳಿಂದ ಇಂದಿಗೂ ಎಷ್ಟೋ ಮನೆಗಳ ತೊಟ್ಟಿಗೆ ನೀರು ತಾನಾಗಿ ಹರಿದು ಬರುತ್ತದೆ. ನೀರು ಇಳಿಜಾರನ್ನು ಕಂಡು ಸಂತೋಷಪಡುತ್ತದೆ. ಮನುಷ್ಯನ ಮೊಣಗಂಟು ಹಾಗಲ್ಲ.

ಈ ನಾಡಿನ ದುಡಿಮೆಯೆಲ್ಲ ಮೊಣಕಾಲನ್ನು ಮಡಚಿ ಮಾಡುವಂಥದು. ಹೆಂಗಸರು ಮೆಟ್ಟುಕತ್ತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತರಕಾರಿ ಹೆಚ್ಚಿದರು, ದನದ ಕೆಚ್ಚಲಿನ ಬಳಿ ಹಾಗೆಯೇ ಕೂತು ಹಾಲು ಕರೆದರು, ಒಣಗಿದ ಅಡಿಕೆಯನ್ನು ರಾತ್ರಿಯವರೆಗೆ ಸುಲಿದರು. ಗಂಡಸರು ಹೊರೆ ಹೊತ್ತು ಗುಡ್ಡೆ ಹತ್ತಿದರು. ಪಾರ್ತಿಸುಬ್ಬನ ಊರಾದ ಕುಂಬಳೆಯ ಸುತ್ತಿನಲ್ಲಿ ಯಕ್ಷಗಾನದ ಗೆಜ್ಜೆ ಕಟ್ಟಿದವರು ದಿಗಿಣ ಹಾರಿದರು. ನಮ್ಮಂಥ ಅಧ್ಯಾಪಕರೂ ಇದಕ್ಕೆ ಹೊರತಲ್ಲ. ಪಾಠ ಹೇಳುವವನು ಕುರ್ಚಿಗೆ ಅಂಟಿಕೊಂಡಿರಬಾರದೆಂದು ತರಬೇತಿಯ ದಿನಗಳಲ್ಲಿ ನಮಗೆ ಕಲಿಸಿದ್ದರು. ಆ ಮಾತನ್ನು ಮೂವತ್ತು ವರ್ಷ ಸಿಮೆಂಟಿನ ನೆಲದ ಮೇಲೆ ನಿಂತು ನಡೆಸಿಕೊಂಡು ಬಂದೆವು. ಹೀಗಾಗಿ ನಮ್ಮ ಕಡೆ ಮದುವೆಮನೆಯಲ್ಲಿ ಐವತ್ತು ದಾಟಿದ ಇಬ್ಬರು ಸೇರಿದರೆ ಮೊದಲು ಅಡಿಕೆಯ ಧಾರಣೆ, ಅದರ ಬೆನ್ನಿಗೇ ಮೊಣಗಂಟಿನ ಪ್ರಸ್ತಾಪ.

ಮೊಣಗಂಟು ಎಂಬುದು ತೊಡೆಯ ಎಲುಬೂ ಕಣಕಾಲಿನ ಎಲುಬೂ ಕೂಡುವ ಸ್ಥಾನ. ಎಲುಬುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ, ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳು, ಎಣ್ಣೆಯಂತೆ ಕೆಲಸ ಮಾಡುವ ಅಂಟುದ್ರವ. ಸಮನೆಲದಲ್ಲಿ ನಡೆಯುವಾಗ ಈ ಸಂದಿಯ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಮೆಟ್ಟಿಲು ಹತ್ತುವಾಗ ಅದು ಮೂರು ಪಟ್ಟನ್ನು ಮೀರುತ್ತದೆ. ಇಳಿಯುವಾಗ ಇನ್ನೂ ಹೆಚ್ಚು. "ಹತ್ತಿದರೂ ಹತ್ತಿಯೇನು, ಇಳಿಯಲಾರೆ" ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಆದುದರಿಂದ ಒಮ್ಮೆ ಸವೆದರೆ ಅದು ಚರ್ಮದ ಗಾಯದಂತೆ ಮತ್ತೆ ಕೂಡಿಕೊಳ್ಳುವುದಿಲ್ಲ. ಸವೆತ ಒಳಮಗ್ಗುಲಲ್ಲಿ ಹೆಚ್ಚಾದಾಗ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ.

ನಮ್ಮ ಅಕ್ಕನಿಗೆ ಈಗ ಅರುವತ್ತೆಂಟು. ಕೊಟ್ಟ ಮನೆ ಕುಂಬಳೆಯಿಂದ ಒಳಗೆ, ತೋಡಿನ ಮಗ್ಗುಲಲ್ಲಿ. ಮಾರ್ಗದಿಂದ ಅಂಗಳಕ್ಕೆ ಇಪ್ಪತ್ತೆಂಟು ಮೆಟ್ಟಿಲು, ಅಂಗಳದಿಂದ ತೋಟಕ್ಕೆ ಮೂವತ್ತೊಂದು. ಭಾವ ತೀರಿಹೋದ ಮೇಲೆ ತೋಟವನ್ನು ನೋಡಿಕೊಂಡವರು ಅವರೇ. ಹನ್ನೆರಡು ವರ್ಷಗಳಿಂದ ಅವರ ಎರಡೂ ಮೊಣಗಂಟುಗಳು ನೋಯುತ್ತಿವೆ. ಎಣ್ಣೆ, ಕಷಾಯ, ಶಾಖ, ಮೆಡಿಕಲ್ ಅಂಗಡಿಯ ಗುಳಿಗೆ ಎಲ್ಲವೂ ಸರದಿಯಂತೆ ಬಂದು ಹೋದವು. ಎರಡು ವರ್ಷಗಳಿಂದ ಅವರು ತೋಟಕ್ಕೆ ಇಳಿದಿಲ್ಲ. ಜಗಲಿಯಲ್ಲಿ ಕೂತು ಕೆಲಸದವರ ದನಿಯಿಂದಲೇ ಯಾವ ಸಾಲಿನಲ್ಲಿ ಕೊಯ್ಲು ನಡೆದಿದೆಯೆಂದು ಲೆಕ್ಕ ಹಾಕುತ್ತಾರೆ. ಕಳೆದ ಮಳೆಗಾಲದಲ್ಲಿ ಮಗಳ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ. "ನಾನು ಬಂದರೆ ನನ್ನನ್ನು ಎತ್ತಲಿಕ್ಕೆ ಇಬ್ಬರು ಬೇಕು, ಅವರಿಗೆ ಊಟ ಬಡಿಸಲಿಕ್ಕೆ ಯಾರು?" ಎಂದು ನಕ್ಕುಬಿಟ್ಟರು. ಆ ನಗುವನ್ನು ಕೇಳಿದ ಮೇಲೆ ಮಂಗಳೂರಿನ ಎಲುಬುತಜ್ಞರನ್ನು ಕಂಡೇ ಬರಬೇಕೆಂದು ಅಕ್ಕನ ಮಗನೂ ನಾವೂ ನಿಶ್ಚಯಿಸಿದೆವು.

ಕುಂಬಳೆಯಿಂದ ಮಂಗಳೂರಿಗೆ ಎರಡು ರಾಜ್ಯಗಳ ಸರಕಾರಿ ಬಸ್ಸುಗಳೂ ಒಂದರ ಹಿಂದೊಂದು ಓಡುತ್ತವೆ. ಆದರೆ ಬಸ್ಸಿನ ಮೊದಲ ಮೆಟ್ಟಿಲೇ ಅಕ್ಕನಿಗೆ ಎತ್ತರವಾದುದರಿಂದ ಬಾಡಿಗೆ ಕಾರು ಮಾಡಿದೆವು. ಆರಿಕ್ಕಾಡಿ ಕೋಟೆಯ ಮಗ್ಗುಲಿಂದ ಶಿರಿಯ ಹೊಳೆಯನ್ನು ದಾಟಿ, ಉಪ್ಪಳ, ಹೊಸಂಗಡಿಗಳನ್ನು ಕಳೆದು, ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರಕ್ಕೆ ಕೈಮುಗಿದು ಮುಂದೆ ಸಾಗುವ ದಾರಿ ಇದು. ಹೆದ್ದಾರಿ ಈಗ ಆರು ಪಥವಾಗಿದೆ. ಮೊದಲಿನಂತೆ ಕಂಡಕಂಡಲ್ಲಿ ದಾಟುವಂತಿಲ್ಲ. ಈಚೆಯ ಅಂಗಡಿಯಿಂದ ಆಚೆಯ ಅಂಗಡಿಗೆ ಹೋಗಬೇಕಾದವನು ಕೆಳದಾರಿಯನ್ನು ಹುಡುಕಿಕೊಂಡು ಹೋಗಬೇಕು, ಇಲ್ಲವೇ ಮೇಲ್ಸೇತುವೆಯ ಮೆಟ್ಟಿಲೇರಬೇಕು. ರಸ್ತೆ ಅಗಲವಾದಷ್ಟೂ ಮುದುಕರ ಊರು ಕಿರಿದಾಯಿತು.

ತಲಪಾಡಿಯಲ್ಲಿ ಗಡಿ. ಸಾಮಾನ್ಯ ದಿನಗಳಲ್ಲಿ ಅದು ಗಡಿಯೆಂದು ತಿಳಿಯುವುದು ಫಲಕಗಳ ಲಿಪಿ ಬದಲಾದಾಗ ಮಾತ್ರ. 1956ರ ನವೆಂಬರ್ 1ರಂದು ರಾಜ್ಯಗಳ ವಿಂಗಡಣೆಯಲ್ಲಿ ನಾವು ಕೇರಳಕ್ಕೆ ಸೇರಿದೆವು. ಆದರೆ ಕಾಯಿಲೆ ಬಿದ್ದಾಗ ನಮ್ಮ ಕಾಲುಗಳು ಹಿಂದಿನಂತೆ ಮಂಗಳೂರಿನ ಕಡೆಗೇ ತಿರುಗಿದವು. 1848ರ ವೆನ್ಲಾಕ್ ಆಸ್ಪತ್ರೆ, 1880ರಲ್ಲಿ ಕಂಕನಾಡಿಯಲ್ಲಿ ತೊಡಗಿದ ಫಾದರ್ ಮುಲ್ಲರ್ ಆಸ್ಪತ್ರೆ, 1950ರ ದಶಕದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಇವೆಲ್ಲ ನಮ್ಮ ಮನೆಗಳ ಮಾತಿನಲ್ಲಿ ನೆಂಟರ ಮನೆಗಳಂತೆ ಬಂದುಹೋಗುವ ಹೆಸರುಗಳು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾಲದ ನಿರ್ಬಂಧ ಬಂದು ಈ ದಾರಿಗಳು ಮುಚ್ಚಿದಾಗ, ಒಳರಸ್ತೆಗಳಿಗೆ ಮಣ್ಣು ಸುರಿದಾಗ, ಗಡಿಯೆಂದರೆ ಏನೆಂದು ನಮಗೆ ತಿಳಿಯಿತು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ಆದೇಶವಿತ್ತಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಒಪ್ಪಂದವಾಗಿದೆಯೆಂದು ಏಪ್ರಿಲ್ 7ರಂದು ಮುಕ್ತಾಯವಾಯಿತು. ನಡುವೆ, ಹೊತ್ತಿಗೆ ಚಿಕಿತ್ಸೆ ದೊರೆಯದೆ ಕೆಲವರು ತೀರಿಹೋದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದೆವು. 2013ರಲ್ಲಿ ಅಡಿಗಲ್ಲು ಬಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ತೆರೆದುದು ಅದೇ ಏಪ್ರಿಲ್‌ನಲ್ಲಿ. ಕಾರು ತಲಪಾಡಿಯನ್ನು ದಾಟುವಾಗ ಅಕ್ಕ, "ಆ ವರ್ಷ ಕಾಲು ಕೊಯ್ಯಿಸಿಕೊಂಡಿದ್ದರೆ ಹೊಲಿಗೆ ಬಿಡಿಸಲಿಕ್ಕೆ ಯಾರು ಬಿಡುತ್ತಿದ್ದರು?" ಎಂದರು. ಹಾಸ್ಯದಂತೆ ಕೇಳಿಸಿದ ಆ ಪ್ರಶ್ನೆಯಲ್ಲಿ ಈ ಲೇಖನದ ತಿರುಳೇ ಇತ್ತೆಂದು ಆಮೇಲೆ ನಮಗೆ ಅನ್ನಿಸಿತು.

ನೇತ್ರಾವತಿಯ ಸೇತುವೆಯನ್ನು ದಾಟಿ ಪಟ್ಟಣವನ್ನು ಹೊಕ್ಕೆವು. ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನಲ್ಲಿ ಕುಳಿತವರಲ್ಲಿ ಅರ್ಧದಷ್ಟು ಮಂದಿ ನಮ್ಮ ಕಡೆಯವರೇ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲಯಾಳ – ನೋವಿಗೆ ಅಲ್ಲಿ ಐದು ಭಾಷೆ. ವೈದ್ಯರು ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದರು. ಎರಡು ಎಲುಬುಗಳ ನಡುವೆ ಇರಬೇಕಾದ ತೆರವು ಒಳಮಗ್ಗುಲಲ್ಲಿ ಇರಲಿಲ್ಲ. ಎಲುಬು ಎಲುಬಿಗೆ ತಾಗಿತ್ತು. ಸವೆತವನ್ನು ನಾಲ್ಕು ದರ್ಜೆಗಳಲ್ಲಿ ಅಳೆಯುವುದಾಗಿಯೂ ಇದು ನಾಲ್ಕನೆಯದೆಂದೂ ಹೇಳಿದರು. ಆದರೆ ಚಿತ್ರವನ್ನು ಬದಿಗಿಟ್ಟು ಅವರು ಕೇಳಿದ ಪ್ರಶ್ನೆಗಳು ಬೇರೆಯೇ ಆಗಿದ್ದವು. ಎಷ್ಟು ದೂರ ನಡೆಯಬಲ್ಲಿರಿ? ರಾತ್ರಿ ನೋವಿನಿಂದ ಎಚ್ಚರವಾಗುತ್ತದೆಯೆ? ನೋವಿನ ಗುಳಿಗೆ ವಾರಕ್ಕೆ ಎಷ್ಟು? ನೋವಿನ ದೆಸೆಯಿಂದ ಯಾವ ಕೆಲಸವನ್ನು ಬಿಟ್ಟಿರಿ?

"ತೋಟ ಬಿಟ್ಟೆ" ಎಂದರು ಅಕ್ಕ.

"ಅಮ್ಮ, ನಾನು ಚಿತ್ರಕ್ಕೆ ಆಪರೇಶನ್ ಮಾಡುವುದಿಲ್ಲ" ಎಂದರು ವೈದ್ಯರು. "ಚಿತ್ರ ಕೆಟ್ಟದಾಗಿದ್ದೂ ನಡೆದಾಡುವವರು ಇದ್ದಾರೆ, ಅವರನ್ನು ಮನೆಗೆ ಕಳುಹಿಸುತ್ತೇನೆ. ವ್ಯಾಯಾಮ, ತೂಕ ಇಳಿಸುವುದು, ಔಷಧಿ ಇವೆಲ್ಲ ಮಾಡಿಯೂ ಬದುಕು ಕಿರಿದಾಗುತ್ತಾ ಹೋದರೆ ಆಗ ಯೋಚಿಸಬೇಕು."

ಮೊಣಗಂಟನ್ನು ಬದಲಾಯಿಸುವುದೆಂದರೆ ಇಡೀ ಗಂಟನ್ನು ಕಿತ್ತು ಬೇರೊಂದನ್ನು ಕೂರಿಸುವುದೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಸವೆದ ಎಲುಬಿನ ತುದಿಗಳನ್ನು ತೆಳುವಾಗಿ, ಸುಮಾರು ಒಂದು ಸೆಂಟಿಮೀಟರಿನಷ್ಟು ಕತ್ತರಿಸಿ ಅವಕ್ಕೆ ಲೋಹದ ಹೊದಿಕೆ ತೊಡಿಸಿ, ನಡುವೆ ಪಾಲಿಥೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಫಲಕವನ್ನು ಇರಿಸುತ್ತಾರೆ. ಹಳೆಯ ಕೊಡೆಯ ಬಟ್ಟೆಯನ್ನು ಬದಲಾಯಿಸಿ ಕಡ್ಡಿಗಳನ್ನು ಉಳಿಸಿಕೊಂಡಂತೆ. ಸುತ್ತಲಿನ ಸ್ನಾಯು, ಕಟ್ಟುಗಳು ನಮ್ಮವೇ ಆಗಿರುತ್ತವೆ. ಈ ವಿದ್ಯೆಯ ಹಿಂದೆ ಒಂದು ಶತಮಾನಕ್ಕೂ ಮಿಕ್ಕ ಪ್ರಯತ್ನವಿದೆ. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ಎಂಬ ವೈದ್ಯರು ಆನೆದಂತದಿಂದ ಮಾಡಿದ ಕೀಲನ್ನು ಕೂರಿಸಿದ್ದರು. ನಂಜೇರಿ ಅದು ನಿಲ್ಲಲಿಲ್ಲ. ಇಂದಿನ ಕೀಲಿನ ಮಾದರಿ ರೂಪುಗೊಂಡುದು 1970ರ ದಶಕದಲ್ಲಿ. ಬದಲಾಯಿಸಿದ ಕೀಲುಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆಂದು 2019ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನ ತೋರಿಸಿತು. ಅರುವತ್ತೆಂಟರ ಅಕ್ಕನಿಗೆ ಅದು ಸಾಕಾದ ಆಯುಸ್ಸು.

ಆದರೆ ಅಕ್ಕ ಆಯುಸ್ಸನ್ನು ಕೇಳಲಿಲ್ಲ. "ಆಮೇಲೆ ನೆಲದ ಮೇಲೆ ಕೂರಲಿಕ್ಕೆ ಆಗುತ್ತದೋ?" ಎಂದು ಕೇಳಿದರು.

ವೈದ್ಯರು ಸುಳ್ಳು ಹೇಳಲಿಲ್ಲ. ಕುಕ್ಕರಗಾಲು ಬೇಡ, ಚಕ್ಕಳಮಕ್ಕಳವೂ ಸಾಮಾನ್ಯವಾಗಿ ಬೇಡ, ಮೊಣಕಾಲೂರಿ ಕೂರುವುದೂ ಹಿತವಲ್ಲ ಎಂದರು. ಅಕ್ಕನ ಮುಖ ಬಾಡಿತು. ದೇವರ ಮುಂದೆ ಮಣೆಯ ಮೇಲೆ ಕೂತು ದೀಪ ಹಚ್ಚುವುದು, ಮೊಮ್ಮಕ್ಕಳ ನಡುವೆ ಪಂಕ್ತಿಯಲ್ಲಿ ಉಣ್ಣುವುದು, ಅಡಿಕೆ ಸುಲಿಯುವವರ ಗುಂಪಿನಲ್ಲಿ ಕೂತು ಊರ ಸುದ್ದಿ ಕೇಳುವುದು, ಇವೆಲ್ಲ ನೆಲದ ಮೇಲಿನ ಬದುಕು. ನಮ್ಮ ಹೆಂಗಸರು ಈ ಶಸ್ತ್ರಕ್ರಿಯೆಗೆ ಹಿಂಜರಿಯುವುದು ಬರಿಯ ಕತ್ತಿಯ ಭಯದಿಂದಲ್ಲ. ಮನೆಯಲ್ಲಿ ತಮ್ಮ ಸ್ಥಾನವಿರುವುದೇ ನೆಲದಲ್ಲಿ, ಅದು ತಪ್ಪೀತೆಂಬ ಅಳುಕು ಅವರದು. ಸ್ವಲ್ಪ ಹೊತ್ತಿನ ಮೇಲೆ ವೈದ್ಯರೇ ಮೆಲ್ಲಗೆ ಕೇಳಿದರು: "ಈಗ ಕೂರುತ್ತೀರಾ ಅಮ್ಮ?" ಅಕ್ಕ ಉತ್ತರಿಸಲಿಲ್ಲ. ನೆಲದ ಮೇಲೆ ಕೂರದೆ ಅವರಿಗೆ ನಾಲ್ಕು ವರ್ಷ ಕಳೆದಿತ್ತು.

ಹೊರಗೆ ಬಂದಾಗ ಉಪ್ಪಳದ ಕಡೆಯ ಒಬ್ಬ ಬ್ಯಾರಿ ಹೆಂಗಸು ಅಕ್ಕನ ಪಕ್ಕದಲ್ಲಿ ಕುಳಿತು ತುಳುವಿನಲ್ಲಿ ಮಾತಿಗೆ ತೊಡಗಿದರು. ಮೂರು ವರ್ಷದ ಹಿಂದೆ ಅವರ ಬಲಗಾಲಿನ ಗಂಟನ್ನು ಬದಲಾಯಿಸಿದ್ದರು; ಈಗ ಎಡಗಾಲಿಗಾಗಿ ಬಂದಿದ್ದರು. ಮೊದಲ ಹದಿನೈದು ದಿನ ಮಗನನ್ನೂ ವೈದ್ಯರನ್ನೂ ಶಪಿಸಿದ್ದಾಗಿ, ವ್ಯಾಯಾಮ ಮಾಡಿಸುವವನು ಬಂದರೆ ನಿದ್ದೆ ಬಂದಂತೆ ನಟಿಸಿದ್ದಾಗಿ ಹೇಳಿ ನಕ್ಕರು. ಈಗ ಕುರ್ಚಿಯಲ್ಲಿ ಕೂತು ನಮಾಜು ಮಾಡುತ್ತಾರೆ, ಮಗಳ ಮನೆಗೆ ಒಬ್ಬರೇ ಹೋಗುತ್ತಾರೆ. ಎದುರಿನ ಬೆಂಚಿನಲ್ಲಿದ್ದ ನಿವೃತ್ತ ಗುಮಾಸ್ತರೊಬ್ಬರ ಅನುಭವ ಹಾಗಲ್ಲ. ವರ್ಷ ಕಳೆದರೂ ಅವರ ಗಂಟಿನಲ್ಲಿ ಬಿಗಿತ, ರಾತ್ರಿ ಚಳುಕು. ಇಬ್ಬರ ಮಾತೂ ನಿಜವೇ. ಈ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಹೆಚ್ಚಿನವರಿಗೆ ದೊಡ್ಡ ಉಪಶಮನ ದೊರೆಯುತ್ತದೆ. ಆದರೆ ಹತ್ತು ಜನರಲ್ಲಿ ಒಬ್ಬಿಬ್ಬರು ಪೂರ್ತಿ ತೃಪ್ತರಾಗುವುದಿಲ್ಲ. ನೂರರಲ್ಲಿ ಒಂದೆರಡು ಕಡೆ ನಂಜೇರುವುದುಂಟು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವುಂಟು. ಅದಕ್ಕಾಗಿಯೇ ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರದೆ, ಹಲ್ಲಿನ ಹುಳುಕು, ಮೂತ್ರದ ಸೋಂಕು, ಕಾಲಿನ ಹುಣ್ಣುಗಳನ್ನು ವಾಸಿಮಾಡದೆ ಕತ್ತಿ ಎತ್ತುವುದಿಲ್ಲ. ಅಕ್ಕನಿಗೆ ಸಕ್ಕರೆ ಇಳಿಸಲು ಮೂರು ತಿಂಗಳ ಗಡುವು ದೊರೆಯಿತು.

ಹೋದ ಕೆಲಸದ ಜೊತೆಗೆ ನಮ್ಮ ಮೊಣಗಂಟನ್ನೂ ತೋರಿಸಿದೆವು. ಇಲ್ಲಿ ತೀರ್ಪು ಬೇರೆ. ಎರಡನೆಯ ದರ್ಜೆಯ ಸವೆತ, ಐವತ್ತೈದರ ವಯಸ್ಸು, ಇನ್ನೂ ಎರಡು ಮೈಲು ನಡೆಯುವ ಶಕ್ತಿ. ಈಗಲೇ ಬದಲಾಯಿಸಿದರೆ ಬದುಕಿನ ಕೊನೆಯ ಭಾಗದಲ್ಲಿ ಮತ್ತೊಮ್ಮೆ ಬದಲಾಯಿಸಬೇಕಾಗಬಹುದು, ಎರಡನೆಯ ಬಾರಿಯದು ಮೊದಲಿನದಕ್ಕಿಂತ ಕಠಿಣ ಎಂದರು. ಮೈತೂಕದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಗಂಟಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂಬ ಲೆಕ್ಕವನ್ನು ಕೇಳಿ ನಮ್ಮೊಳಗಿನ ಗಣಿತದ ಮಾಸ್ತರು ಎಚ್ಚೆತ್ತರು. ಮಂಚದ ಮೇಲೆ ಕಾಲು ನೀಡಿ ತೊಡೆಯ ಸ್ನಾಯುವನ್ನು ಬಿಗಿದು ಐದು ಎಣಿಸುವುದು. ಕಾಲನ್ನು ನೆಟ್ಟಗೆ ಒಂದು ಗೇಣು ಎತ್ತಿ ಹಿಡಿಯುವುದು. ಕೈಯೂರದೆ ಕುರ್ಚಿಯಿಂದ ಏಳುವುದು. ಒಂದೊಂದೂ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಕ್ಕಳಿಗೆ ಮಗ್ಗಿ ಬರೆಸುವ ನಿಷ್ಠೆಯಿಂದ ಮಾಡಿದರೆ ಇದರ ಫಲ ಆರು ವಾರದಲ್ಲಿ ತಿಳಿಯುತ್ತದೆ, ನಮಗೆ ತಿಳಿಯಿತು. ಊರುಗೋಲನ್ನು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲಲ್ಲಿ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ನಮ್ಮ ನಾಡಿನ ಪ್ರತಿಯೊಂದು ಮನೆಯ ಗೋಡೆಯಲ್ಲೂ ಬರೆದಿಡತಕ್ಕ ಸೂತ್ರವಿದು.

ಹಣದ ವಿಚಾರವನ್ನು ಮುಚ್ಚಿಡಬೇಕಾಗಿಲ್ಲ. ಕೃತಕ ಕೀಲಿನ ಬೆಲೆ ಒಂದು ಕಾಲಕ್ಕೆ ಮನಬಂದಂತೆ ಇತ್ತು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಕೋಬಾಲ್ಟ್ ಕ್ರೋಮಿಯಂ ಕೀಲಿಗೆ 54,720 ರೂಪಾಯಿ, ಟೈಟಾನಿಯಂ ಕೀಲಿಗೆ 76,600 ರೂಪಾಯಿ ಎಂದು ತೆರಿಗೆ ಬಿಟ್ಟು ಗರಿಷ್ಠ ಬೆಲೆಯನ್ನು ನಿಗದಿಪಡಿಸಿತು. ಅದಕ್ಕೆ ಮೊದಲು ಅವುಗಳ ಮೇಲೆ ಅಚ್ಚಾದ ಬೆಲೆ ಒಂದೂವರೆ ಲಕ್ಷದಿಂದ ಎರಡೂವರೆ ಲಕ್ಷದವರೆಗೆ ಹೋಗುತ್ತಿತ್ತು. ಆದರೆ ಇದು ಕೀಲಿನ ಬೆಲೆ ಮಾತ್ರ. ಕೋಣೆ, ವೈದ್ಯರು, ಔಷಧಿ, ವ್ಯಾಯಾಮದ ವೆಚ್ಚ ಬೇರೆ. ಆದುದರಿಂದ ಬಿಲ್ಲಿನಲ್ಲಿ ಕೀಲಿನ ಹೆಸರನ್ನೂ ಬೆಲೆಯನ್ನೂ ಪ್ರತ್ಯೇಕವಾಗಿ ಕಾಣಿಸಲು ಕೇಳಿಕೊಳ್ಳಬೇಕು. ನಮ್ಮ ಕೈಯಲ್ಲಿರುವುದು ಕೇರಳದ ಪಡಿತರ ಚೀಟಿ, ಕೇರಳದ ವಿಮಾ ಕಾರ್ಡು. ಅದು ತಲಪಾಡಿಯಾಚೆಯ ಯಾವ ಆಸ್ಪತ್ರೆಯಲ್ಲಿ, ಈ ಶಸ್ತ್ರಕ್ರಿಯೆಗೆ, ಎಷ್ಟರ ಮಟ್ಟಿಗೆ ನಡೆಯುತ್ತದೆಂಬುದನ್ನು ದಾಖಲಾಗುವ ಮೊದಲೇ ಬರಹದಲ್ಲಿ ತಿಳಿದುಕೊಳ್ಳುವುದು ಲೇಸು.

ಭಾಷೆಯ ಮಾತೂ ಒಂದಿದೆ. ಸಮ್ಮತಿಪತ್ರ ಇಂಗ್ಲಿಷಿನಲ್ಲಿತ್ತು. ಅಕ್ಕ ಹೆಬ್ಬೆಟ್ಟಿನವರಲ್ಲ, ಕನ್ನಡದಲ್ಲಿ ಭಾರತ ಓದಿದವರು. ತನಗೆ ತಿಳಿಯದ ಕಾಗದಕ್ಕೆ ಸಹಿ ಹಾಕಲಾರೆನೆಂದರು. ಅಲ್ಲಿದ್ದ ದಾದಿಯೊಬ್ಬಳು ಬೇಸರಿಸದೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿದಳು. ತನ್ನ ಮೈಯ ಮೇಲೆ ನಡೆಯುವುದನ್ನು ತನ್ನ ನುಡಿಯಲ್ಲಿ ತಿಳಿಯುವುದು ರೋಗಿಯ ಹಕ್ಕು. ಅದನ್ನು ಕೇಳಿಕೊಳ್ಳಲು ಸಂಕೋಚ ಬೇಡ. ಊರಿಗೆ ಮರಳಿದ ಮೇಲೆ ಮನೆಗೆ ಬರುವ ವ್ಯಾಯಾಮದ ತಜ್ಞನಿಗೆ ಮಲಯಾಳ ಮಾತ್ರ ಬರುತ್ತದೆಂದು ತಿಳಿದುದರಿಂದ ವ್ಯಾಯಾಮದ ಕ್ರಮವನ್ನೆಲ್ಲ ದಪ್ಪ ಅಕ್ಷರಗಳ ಕನ್ನಡದಲ್ಲಿ ರಟ್ಟಿನ ಮೇಲೆ ಬರೆದು ಅಕ್ಕನ ಮಂಚದ ಎದುರು ತೂಗುಹಾಕಿದೆವು.

ಕತ್ತಿಯ ಕೆಲಸ ಮಂಗಳೂರಿನಲ್ಲಿ ಒಂದೆರಡು ಗಂಟೆಯದು. ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ಕೆಲವು ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಮಡಚುವುದನ್ನೂ ನೀಡುವುದನ್ನೂ ಗಂಟು ಮತ್ತೆ ಕಲಿಯುವ ಆರು ವಾರಗಳು, ಆಮೇಲಿನ ಆರು ತಿಂಗಳುಗಳು ಕಳೆಯುವುದು ನಮ್ಮ ಗುಡ್ಡೆಯ ಮನೆಗಳಲ್ಲಿ. ಆಸ್ಪತ್ರೆ ಯಾವುದೆಂದು ಹತ್ತು ಜನರನ್ನು ಕೇಳುವ ನಾವು, ಮನೆ ಸಿದ್ಧವಾಗಿದೆಯೇ ಎಂದು ಕೇಳಿಕೊಳ್ಳುವುದು ಅಪರೂಪ. ಈ ಮೂರು ತಿಂಗಳಲ್ಲಿ ಅಕ್ಕನ ಮನೆಯಲ್ಲಿ ನಡೆದ ಕೆಲಸ ಇಷ್ಟು: ಇಪ್ಪತ್ತೆಂಟು ಮೆಟ್ಟಿಲುಗಳ ಬದಿಗೂ ಕಬ್ಬಿಣದ ಪೈಪಿನ ಹಿಡಿ, ಪಾಚಿ ಕಟ್ಟುವ ಕಲ್ಲುಗಳಿಗೆ ಒರಟು ಸಿಮೆಂಟು, ಮನೆಯೊಳಗೇ ಕೂರುವ ಶೌಚಾಲಯ, ಮಂಚಕ್ಕೆ ನಾಲ್ಕು ಇಂಚಿನ ಮರದ ತುಂಡು, ಮತ್ತು ದೇವರ ಮಂಟಪಕ್ಕೆ ಸೊಂಟದೆತ್ತರದ ಒಂದು ಹಲಗೆ. ಕೊನೆಯದನ್ನು ಅಕ್ಕ ತಾವೇ ಹೇಳಿ ಮಾಡಿಸಿದರು. "ದೇವರನ್ನು ಸ್ವಲ್ಪ ಮೇಲೆ ಕೂರಿಸಿದರೆ ಅವನೇನು ಬೇಡ ಅನ್ನುತ್ತಾನಾ?" ಎಂದು ಕೇಳಿದಾಗಲೇ ಅವರು ನಿರ್ಧರಿಸಿದ್ದಾರೆಂದು ನಮಗೆ ತಿಳಿಯಿತು. ಸಕ್ಕರೆ ಹತೋಟಿಗೆ ಬಂದಿದೆ. ಅಡಿಕೆಯ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ಮೊದಲು ಎಡಗಾಲಿಗೆಂದು ದಿನ ಗೊತ್ತಾಗಿದೆ. ಆ ಹೊತ್ತಿಗೆ ನಮ್ಮ ಶಾಲೆಗೂ ಬೇಸಗೆ ರಜೆ. ವ್ಯಾಯಾಮದ ಹಾಜರಿ ಹಾಕುವ ಕೆಲಸ ನಮ್ಮದೆಂದು ಒಪ್ಪಿಕೊಂಡಿದ್ದೇವೆ.

ಸೊಲ್ಲಾಪುರ, ಅಕ್ಕಲಕೋಟೆಗಳ ಬಯಲಿನಲ್ಲಿ, ಆದವಾನಿ, ರಾಯದುರ್ಗಗಳ ಸೀಮೆಯಲ್ಲಿ ಈ ಲೇಖನವನ್ನು ಓದುವ ಬಂಧುಗಳಿಗೆ ನಮ್ಮಷ್ಟು ಮೆಟ್ಟಿಲುಗಳಿರಲಾರವು. ಆದರೆ ಜೋಳದ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕಳೆ ತೆಗೆದ ತಾಯಂದಿರು ಅಲ್ಲಿಯೂ ಇದ್ದಾರೆ. ದೊಡ್ಡಾಸ್ಪತ್ರೆ ಗಡಿಯಾಚೆ ಇರುವ ಊರುಗಳು ಅಲ್ಲಿಯೂ ಇವೆ. ನಿಮ್ಮ ಮನೆಯ ಹಿರಿಯರು ಮದುವೆಗೂ ಜಾತ್ರೆಗೂ "ನೀವು ಹೋಗಿ ಬನ್ನಿ" ಎನ್ನತೊಡಗಿದ್ದರೆ ಅದನ್ನು ವಯಸ್ಸಿನ ವೈರಾಗ್ಯವೆಂದು ತಿಳಿಯಬೇಡಿ. ಅವರು ಬಿಟ್ಟುಬಿಟ್ಟ ಕೆಲಸ ಯಾವುದೆಂದು ಒಮ್ಮೆ ಬಳಿಯಲ್ಲಿ ಕೂತು ಕೇಳಿ.